ಗಾಯ ಮಾಡ್ಕೊಳ್ಳೋ ಮಕ್ಕಳನ್ನ ಕೇಳೋ ಬಗ್ಗೆ

ನಮಸ್ಕಾರ ಎಲ್ಲರಿಗೂ, ಸ್ಕೂಲು ಕಾಲೇಜುಗಳಲ್ಲಿರೋ ಕೌನ್ಸೆಲರ್‌ಗಳು ದಯವಿಟ್ಟು ಪೂರ್ತಿ ಓದಿ. ಸಾಯೋ ಉದ್ದೇಶ ಇಲ್ದೇನೂ ತಮಗೆ ತಾವೇ ಗಾಯ ಮಾಡ್ಕೊಳ್ಳೋ ಮಕ್ಕಳಿರ್ತಾರೆ, ಇದನ್ನ ಮೊದಲನೇ ಸೆಷನ್ ಫಾರ್ಮಲ್ಲಿ ಟಿಕ್ ಹಾಕಿ ಬಿಟ್ರೆ ಸಾಲಲ್ಲ, ಟ್ರೀಟ್‌ಮೆಂಟ್ ನಡೆಯೋವಷ್ಟು ದಿನಾನೂ ಆಗಾಗ ಕೇಳ್ತಿರ್ಬೇಕು, ಯಾಕಂದ್ರೆ ಮೊದಲ ದಿನ ಇಲ್ಲ ಅಂದ ಹುಡುಗಿ ನಂಬಿಕೆ ಬಂದ್ಮೇಲೆ ಹೇಳ್ಬಹುದು. ಕೇಳಿದ್ರೆ ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಭಯ ಬೇಡ.

ಎಷ್ಟು ಸಲ ಅನ್ನೋದರ ಜೊತೆ ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ಹೇಗನ್ನಿಸ್ತು ಅಂತಾನೂ ಕೇಳಿ. ತಡೆಯೋಕಾಗದ ಸಂಕಟ ಕಮ್ಮಿ ಆಗ್ಲಿ ಅಂತ, ತನಗೆ ತಾನೇ ಶಿಕ್ಷೆ ಕೊಟ್ಕೊಳ್ಳೋಕೆ, ಮನಸ್ಸು ಮರಗಟ್ಟಿದಾಗ ಏನಾದ್ರೂ ಅನ್ನಿಸ್ಲಿ ಅಂತ, ಒಬ್ಬೊಬ್ರಿಗೆ ಒಂದೊಂದು ಕಾರಣ. "ಅಟೆನ್ಷನ್‌ಗೋಸ್ಕರ" ಅಂತ ಮಾತ್ರ ಬರೀಬೇಡಿ, ಎಷ್ಟೋ ಮಕ್ಕಳು ಇದನ್ನ ಮುಚ್ಚಿಡ್ತಾರೆ ಕಣ್ರೀ.

ಸಾಯೋ ಯೋಚನೆ ಇದ್ಯಾ ಅಂತ ಬೇರೆಯಾಗಿ, ನೇರವಾಗಿ, ಪ್ರತಿ ಸಲಾನೂ ಕೇಳಿ. ಇವತ್ತು ಇಲ್ಲ ಅಂದ್ರೂ ಮುಂದೆ ಆತ್ಮಹತ್ಯೆ ಪ್ರಯತ್ನದ ರಿಸ್ಕ್ ಇವರಲ್ಲಿ ಜಾಸ್ತಿ. ಸ್ಕೇಲ್ ಅಂದ್ರೆ ರಿಸ್ಕ್ ಅಳೆಯೋ ಪ್ರಶ್ನೆಪಟ್ಟಿ, ಅದರ ಸ್ಕೋರ್ ನೋಡಿ ಲೋ ರಿಸ್ಕ್ ಅಂತ ಕಳಿಸ್ಬೇಡಿ, ಚಿಕಿತ್ಸೆ ಹೇಗಿರ್ಬೇಕು ಅಂತ ಗೈಡ್‌ಲೈನ್ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2022ರ ಗೈಡ್‌ಲೈನಲ್ಲಿ ಮುಂದೇನಾಗುತ್ತೆ ಅಂತ ಊಹಿಸೋಕೆ ಸ್ಕೇಲ್ ಬಳಸ್ಬೇಡಿ ಅಂತಾನೇ ಹೇಳಿದೆ. ಗಾಯ ತೋರಿಸು ಅಂತ ಒತ್ತಾಯ, ಇನ್ಮೇಲೆ ಮಾಡಲ್ಲ ಅಂತ ಪ್ರಮಾಣ, ಎರಡೂ ಬೇಡ.

ಅಪ್ಪ ಅಮ್ಮಂಗೆ ಯಾವಾಗ ಹೇಳ್ಬೇಕಾಗುತ್ತೆ ಅನ್ನೋದನ್ನ ಮಗುಗೆ ಶುರುವಲ್ಲೇ ತಿಳಿಸಿ. ರಾತ್ರಿ ಹೊತ್ತು ಬೇಕಾದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿರಿ, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ.