ಮಗಳಿಗೊಂದು ಪತ್ರ: 641 ಸಿಕ್ಕ ಮೇಲೆ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಲಕ್ಷಾಂತರ ಸಂಖ್ಯೆಗಳಿಗೆ ಹೊಂದಿಕೊಂಡಿದ್ದ ನಿನ್ನ ಊಹೆಯನ್ನು ಒಂದೇ ಪ್ರತ್ಯುದಾಹರಣೆ ಸುಳ್ಳು ಮಾಡಿತೆಂದೂ, ಸಂಶೋಧನೆಯನ್ನೇ ಬಿಟ್ಟು ಊರಿಗೆ ಬರುವೆನೆಂದೂ ನಿನ್ನೆ ರಾತ್ರಿ ನೀನು ಫೋನಿನಲ್ಲಿ ಹೇಳಿದಾಗ ನನಗೆ ಮಾತೇ ಹೊರಡಲಿಲ್ಲ. ಮನೆ ನಿನ್ನದು, ಯಾವಾಗ ಬೇಕಾದರೂ ಬಾ. ಈ ಕಾರಣಕ್ಕಾಗಿ ಮಾತ್ರ ಬರಬೇಡ ಎನ್ನುವುದಕ್ಕೆ ಬರೆಯುತ್ತಿದ್ದೇನೆ.

4294967297 ನಿನಗೆ ನೆನಪಿರಬೇಕು. 2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದರೆ ಬರುವ 3, 5, 17, 257, 65537 ಈ ಐದೂ ಅವಿಭಾಜ್ಯವಾಗಿರುವುದನ್ನು ಕಂಡ ಗಣಿತಜ್ಞ ಫರ್ಮಾ, ಇದೇ ಕ್ರಮದಲ್ಲಿ ಮುಂದೆ ಬರುವವೂ ಹಾಗೆಯೇ ಇರುತ್ತವೆ ಎಂದು 1640ರಲ್ಲಿ ನಂಬಿದ. ಅದಕ್ಕೆ ರುಜುವಾತು ತನ್ನಲ್ಲಿಲ್ಲ ಎಂಬುದನ್ನು ಮಾತ್ರ ಅವನು ಮುಚ್ಚಿಡಲಿಲ್ಲ. ಆರನೆಯದು 2ರ 32ನೆಯ ಘಾತಕ್ಕೆ 1 ಕೂಡಿಸಿದರೆ ಬರುವ ಈ 429 ಕೋಟಿ ಚಿಲ್ಲರೆಯ ಸಂಖ್ಯೆ. ಇನ್ನೊಬ್ಬ ಗಣಿತಜ್ಞ ಆಯ್ಲರ್ 1732ರಲ್ಲಿ ಅದನ್ನು 641ರಿಂದ ಭಾಗಿಸಿದ. ಭಾಗಲಬ್ಧ 6700417, ಶೇಷ ಸೊನ್ನೆ.

ಹೈಸ್ಕೂಲಿನಲ್ಲಿದ್ದಾಗ ನೀನು ಈ ಭಾಗಾಕಾರವನ್ನು ಕೈಯಿಂದಲೇ ಮಾಡಿ ಮುಗಿಸಿ, ಉತ್ತರ ಸರಿಯಾಯಿತೆಂದು ಹಿಗ್ಗದೆ, ಸಾವಿರಾರು ಅವಿಭಾಜ್ಯಗಳಿರುವಾಗ 641 ಅವನಿಗೆ ಹೇಗೆ ಹೊಳೆಯಿತು ಎಂದು ಕೇಳಿದ್ದೆ. ಇದರ ಅಪವರ್ತನಗಳೆಲ್ಲ 64ರ ಯಾವುದಾದರೂ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕೆಂದು ನಾನು ಹೇಳಿದ ಮೇಲೆ ಅಂಥ ಅವಿಭಾಜ್ಯಗಳಾದ 193, 257, 449, 577 ಇವನ್ನು ಒಂದೊಂದಾಗಿ ಭಾಗಿಸಿ ನೋಡಿ, ಐದನೆಯದೇ 641 ಎಂದು ನೀನೇ ಕಂಡುಕೊಂಡೆ. ಅಷ್ಟಕ್ಕೂ ಬಿಡಲಿಲ್ಲ; ಭಾಗಿಸದೆಯೇ ತಿಳಿಯಲಾಗದೇ ಎಂದೆ. 641 ಎಂದರೆ 5×128+1, 625+16 ಕೂಡ ಅದೇ. 641ರಿಂದ ಭಾಗಿಸುವಾಗ, ಮೊದಲನೆಯದರಿಂದ 5×128ಕ್ಕೆ ಶೇಷ −1 (641ಕ್ಕೆ ಒಂದು ಕಡಿಮೆ), ಅದರ ನಾಲ್ಕನೆಯ ಘಾತವಾದ 625×2²⁸ಕ್ಕೆ ಶೇಷ 1; ಎರಡನೆಯದರಿಂದ 625ರ ಜಾಗದಲ್ಲಿ −16 ಇಟ್ಟರೆ −2³²ಕ್ಕೂ ಶೇಷ 1 ಎಂದಾಗುತ್ತದೆ, ಅಂದಮೇಲೆ 2³²+1 ಪೂರ್ತಿ ಭಾಗವಾಗಲೇಬೇಕು. ಇಷ್ಟು ತಿಳಿದಾಗ ನಿನ್ನ ಮುಖದಲ್ಲಿ ಕಂಡ ಸಂತೋಷವನ್ನು ನನ್ನ ಇಷ್ಟು ವರ್ಷಗಳ ಪಾಠದಲ್ಲಿ ಇನ್ನೊಂದು ಮಗುವಿನಲ್ಲಿ ನಾನು ಕಂಡಿಲ್ಲ. ಆ ಹುಡುಗಿ ಒಂದು ಪ್ರತ್ಯುದಾಹರಣೆಗೆ ಹೆದರಿದಳೆಂದರೆ ನನಗೆ ನಿದ್ದೆ ಹೇಗೆ ಬಂದೀತು?

ನೀನು ಅಳುತ್ತಿರುವಾಗ ಲೆಕ್ಕ ಹೇಳುತ್ತಿದ್ದೇನೆ, ಕ್ಷಮಿಸು. ಆದರೂ ಇದೊಂದನ್ನು ಕೇಳು. ಊಹೆ ಬಿದ್ದುಹೋಯಿತೆಂದು ಫರ್ಮಾನ ಸಂಖ್ಯೆಗಳು ಮೂಲೆ ಸೇರಲಿಲ್ಲ. 17 ಬಾಹುಗಳ ಸಮಬಹುಭುಜವನ್ನು ಅಳತೆಪಟ್ಟಿ, ಕೈವಾರಗಳಿಂದಲೇ ರಚಿಸಬಹುದೆಂದು 1796ರಲ್ಲಿ ಗೌಸ್ ಕಂಡುಕೊಂಡಾಗ ಅವೇ ಸಂಖ್ಯೆಗಳು ಜ್ಯಾಮಿತಿಯ ನಡುವೆ ಬಂದು ನಿಂತವು. 4294967297ರಿಂದ 2 ಕಳೆದು ನೋಡು: ಹಿಂದಿನ ಐದನ್ನೂ ಗುಣಿಸಿದರೆ ಬರುವ ಗುಣಲಬ್ಧವೇ ಅದು, ಅಷ್ಟು ಬಾಹುಗಳ ಬಹುಭುಜವನ್ನೂ ಹಾಗೆಯೇ ರಚಿಸಬಹುದು. ಎರಡೇ ಹೆಜ್ಜೆ ಮುಂದಿರುವ ನಮ್ಮ ಸಂಖ್ಯೆಗೆ ಆ ಯೋಗ್ಯತೆಯಿಲ್ಲ, ಕಾರಣ ಫರ್ಮಾನ ಆ ಸಾಲಿಗೆ ಸೇರದ ಅದೇ 641.

ಆದ್ದರಿಂದ ಊಹೆ ಯಾಕೆ ಅಲ್ಲಿಯೇ ಮುರಿಯಿತು ಎಂಬುದನ್ನು ಹುಡುಕು. ನಿನ್ನ ಮಾರ್ಗದರ್ಶಕರಿಗೆ ಬಿಡುತ್ತೇನೆಂದು ಹೇಳುವ ಮೊದಲು ಆ ಪ್ರತ್ಯುದಾಹರಣೆಯನ್ನು ಅದರ ಅಪವರ್ತನಗಳ ಸಮೇತ ನನಗೆ ಬರೆದು ಕಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ