ಸುಗ್ಗಿಯ ರಸ್ತೆಯ ಕುರಿತು ಮಗನಿಗೆ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಬೈಕು ಕೊಂಡಿರುವುದಾಗಿಯೂ, ಇನ್ನು ಮುಂದೆ ಶನಿವಾರ ಕೆಲಸ ಮುಗಿಸಿ ಮೈಸೂರಿನಿಂದ ಅದರಲ್ಲೇ ಊರಿಗೆ ಬರುವುದಾಗಿಯೂ ನಿನ್ನ ಅಪ್ಪ ಹೇಳಿದ. ಸಂತೋಷವೇ. ಆದರೆ ನಿಧಾನವಾಗಿ ಓಡಿಸು ಎಂದಷ್ಟೇ ಬರೆದು ಸುಮ್ಮನಾದರೆ ಪ್ರಯೋಜನವಿಲ್ಲ. ನಮ್ಮ ಮಂಡ್ಯ ಸೀಮೆಯ ಅಪಘಾತಗಳಿಗೆ ಅವುಗಳದೇ ಆದ ಜಾಗ, ತಿಂಗಳು, ಹೊತ್ತು ಇವೆ. ಅವು ತಿಳಿದಿದ್ದರೆ ಎಲ್ಲಿ ವೇಗ ತಗ್ಗಿಸಬೇಕೆಂಬುದು ನಿನಗೇ ಹೊಳೆಯುತ್ತದೆ.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ದ್ವಿಚಕ್ರ ವಾಹನಗಳನ್ನು ಬಿಡದಿರುವುದರಿಂದ ನೀನು ಬರಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ. ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಲು ಬೇಸರಪಟ್ಟು ಎದುರುದಿಕ್ಕಿನಲ್ಲಿ ನುಗ್ಗಿ ಬರುವವರು ಅಲ್ಲಿ ಸಿಗುತ್ತಾರೆ.

ನನಗೆ ಹೆಚ್ಚಿನ ಭಯವಿರುವುದು ಹೆದ್ದಾರಿ ಬಿಟ್ಟು ಹಳ್ಳಿಯ ಕಡೆಗೆ ತಿರುಗಿದ ನಂತರದ ದಾರಿಯದು. ಕಬ್ಬು ಅರೆಯುವ ಕಾಲದಲ್ಲಿ ಒಂದೇ ಟ್ರ್ಯಾಕ್ಟರ್ ಎರಡು ಟ್ರೇಲರ್‌ಗಳನ್ನು ಎಳೆದುಕೊಂಡು ಕಾರ್ಖಾನೆಯತ್ತ ತೆವಳುತ್ತಿರುತ್ತದೆ, ಹಿಂಬದಿಗೆ ಚಾಚಿದ ಜಲ್ಲೆ, ಸೋಗೆಗಳು ಕೆಂಪು ದೀಪವನ್ನು (ದೀಪವೊಂದು ಇದ್ದರೆ!) ಮುಚ್ಚಿಬಿಟ್ಟಿರುತ್ತವೆ. ಟೈರು ಒಡೆದು ರಸ್ತೆಯ ಮೇಲೆಯೇ ನಿಂತ ಟ್ರೇಲರ್ ಅದಕ್ಕಿಂತಲೂ ಅಪಾಯಕಾರಿ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್; ಎದುರಿನ ಕಾರಿನ ಹೈಬೀಮ್ ಎರಡು ಸೆಕೆಂಡು ಕಣ್ಣು ಕುಕ್ಕಿದರೆ ನೀನು 33 ಮೀಟರ್ ಏನೂ ಕಾಣದೆ ಸಾಗಿರುತ್ತೀಯೆ. ಆದ್ದರಿಂದ ಎದುರು ಬೆಳಕು ಬಿದ್ದೊಡನೆ ವೇಗ ಇಳಿಸು, ಮುಂದೆ ಟ್ರೇಲರ್ ಇದೆಯೆಂದೇ ಎಣಿಸು.

ಇನ್ನು ಒಕ್ಕಣೆ. ಕಣ ಮಾಡುವುದನ್ನು ಬಿಟ್ಟ ನಮ್ಮ ಜನ ರಾಗಿಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡುತ್ತಾರೆ. ಕೂಲಿಯಾಳು ಸಿಗದ ರೈತನ ಕಷ್ಟ ನನಗೂ ಗೊತ್ತು, ಆದರೂ ಇದನ್ನು ಸರಿ ಎನ್ನಲಾರೆ. ಹುರುಳಿ ಬಳ್ಳಿ ಚಕ್ರಕ್ಕೆ, ಚೈನಿಗೆ ಸುತ್ತಿಕೊಳ್ಳುತ್ತದೆ. ಕಾರಿನ ತಳದಲ್ಲಿ ಸಿಕ್ಕಿ ಸೈಲೆನ್ಸರಿನ ಕಾವಿಗೆ ಹೊತ್ತಿಕೊಂಡದ್ದೂ ಉಂಟು. ಉದುರಿದ ಕಾಳಿನ ಮೇಲೆ ಮುಂದಿನ ಬ್ರೇಕ್ ಒತ್ತಿದೆಯೋ, ಬೈಕು ಜಾರಿ ಬಿದ್ದಂತೆಯೇ. ರಾತ್ರಿ ರಾಶಿಗೆ ಟಾರ್ಪಾಲು ಹೊದಿಸಿ, ಗಾಡಿಗಳು ಹತ್ತದಿರಲೆಂದು ಸುತ್ತ ಇಡುವ ಕಲ್ಲುಗಳು ಕತ್ತಲೆಯಲ್ಲಿ ಕಾಣುವುದೇ ಇಲ್ಲ. ಹುಲ್ಲು ಕಂಡ ಕೂಡಲೇ ಆಕ್ಸಿಲರೇಟರ್ ಬಿಡು, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟು.

ನಾಲೆಯ ಏರಿಯ ಮೇಲಿನ ಅಡ್ಡದಾರಿ ಹತ್ತಿರವೆಂದು ಕತ್ತಲಾದ ಮೇಲೆ ಅದನ್ನು ಹಿಡಿಯಬೇಡ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತದ್ದು ಹಾಡಹಗಲಿನಲ್ಲಿ. ತಡೆಗೋಡೆಯಿಲ್ಲದ ಏರಿಯಲ್ಲಿ ಒಮ್ಮೆ ಚಕ್ರ ಜಾರಿದರೆ ತಡೆಯಲು ಏನೂ ಇರುವುದಿಲ್ಲ.

ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸರ ತಂಟೆ ಯಾಕೆಂದು ಮುಂದೆ ಹೋಗಬೇಡ. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗೆ ಅಲ್ಲಿಯೇ ಇರು.

ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿಯಾಗಿ ಹಾಕಿಕೋ, ಹಿಂದೆ ಕೂರುವವರಿಗೂ ಒಂದು ಕೊಂಡಿಡು. ಆಫೀಸು ಬಿಡುವುದು ತಡವಾದ ದಿನ ಬಸ್ಸಿನಲ್ಲಿ ಮಂಡ್ಯಕ್ಕೆ ಬಾ. ಎಷ್ಟು ಹೊತ್ತಾದರೂ ನಾನೋ ನಿನ್ನ ಅಪ್ಪನೋ ಬಸ್ ನಿಲ್ದಾಣಕ್ಕೆ ಬರುತ್ತೇವೆ.

ಇತಿ,
ನಿನ್ನ ದೊಡ್ಡಪ್ಪ