ಬ್ರೌಸರ್‌ಗೆ ಬೀಗ ಹಾಕುವುದನ್ನೂ ಕನ್ನಡದಲ್ಲಿ ಹೇಳಿಕೊಡಿ

ಮಾನ್ಯ ಸಂಪಾದಕರೇ,

ಮಕ್ಕಳು ಮೊಬೈಲ್ ಬಿಡುತ್ತಿಲ್ಲ ಅಂತ ನಿಮ್ಮ ಓದುಗರ ಪತ್ರಗಳಲ್ಲಿ ಆಗಾಗ ಓದುತ್ತಿರುತ್ತೇನೆ. ಬರೆಯುವವರೆಲ್ಲ ತಂದೆತಾಯಿಯರು. ಬರೆಯುವುದೆಲ್ಲ ಮಕ್ಕಳ ಬಗ್ಗೆ. ಕಂಪ್ಯೂಟರ್ ಮುಂದೆ ಕೂತೇ ಹೊಟ್ಟೆ ಹೊರೆಯುವ ದೊಡ್ಡವರ ಪಾಡನ್ನು ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ, ಕೆಲಸದ ನಡುವೆ ನಮ್ಮನ್ನು ಎಳೆದುಕೊಳ್ಳುವ ವಿಡಿಯೋ ತಾಣಗಳಿಗೆ ಬ್ರೌಸರ್‌ನಲ್ಲೇ, ಅಂದರೆ ಇಂಟರ್ನೆಟ್ ಪುಟ ತೆರೆಯುವ ತಂತ್ರಾಂಶದಲ್ಲೇ, ಬೀಗ ಹಾಕುವ ಬಗ್ಗೆ.

ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. 14 ವರ್ಷವಾಯಿತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಸಂಘದ ವರದಿ, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟ್, ಏನು ಬಂದರೂ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ, ಪೇಜ್‌ಮೇಕರ್‌ನಲ್ಲೋ ಕೋರಲ್ ಡ್ರಾದಲ್ಲೋ ಕೂರಿಸಿ, ಪ್ರೂಫ್ ನೋಡಿ, ಪ್ರಿಂಟ್ ತೆಗೆದು ಕೊಡುವುದು. ಪುಟಕ್ಕೆ ಇಷ್ಟು ಅಂತ ದುಡ್ಡು. ಕೆಲಸ ನಿಂತರೆ ದುಡ್ಡೂ ನಿಂತಿತು. ಮನೆಯೇ ಅಂಗಡಿಯಾದ್ದರಿಂದ ಕೆಲಸ ಮಾಡು ಅಂತ ಹೇಳುವವರೂ ಇಲ್ಲ, ಯಾಕೆ ಸುಮ್ನೆ ಕೂತೆ ಅಂತ ಕೇಳುವವರೂ ಇಲ್ಲ.

ವಿಡಿಯೋ ನೋಡುವುದನ್ನೇ ಬಿಟ್ಟುಬಿಡಿ ಅಂತ ಹೇಳುವವರಿಗೆ ಒಂದು ವಿಷಯ ಗೊತ್ತಿಲ್ಲ. ನಮ್ಮಂಥವರಿಗೆ ಹೊಸದನ್ನು ಕಲಿಸುವವರು ಆ ವಿಡಿಯೋಗಳೇ. ಹಳೆಯ ನುಡಿ ಅಕ್ಷರವನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ನಲ್ಲೂ ಓದಲು ಬರುವ ಅಕ್ಷರ ಪದ್ಧತಿ) ಬದಲಾಯಿಸುವುದು ಹೇಗೆ, ಕಾರ್ಡಿನ ಬಾರ್ಡರ್ ಎಳೆಯುವುದು ಹೇಗೆ, ಪ್ರಿಂಟರ್ ಹಾಳೆ ಎಳೆಯದಿದ್ದರೆ ಏನು ಮಾಡಬೇಕು, ಇದೆಲ್ಲ ನಾನು ಕಲಿತಿದ್ದು ಯೂಟ್ಯೂಬ್‌ನಲ್ಲೇ. ಯಾವುದೋ ಊರಿನ ಹುಡುಗ ತಾನು ಕಲಿತದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಿರುತ್ತಾನೆ. ಅವನಿಗೆ ನಾನು ಋಣಿ. ಕಷ್ಟವಾಗುವುದು ಆ ವಿಡಿಯೋ ಮುಗಿದ ಮೇಲೆ.

ನನಗಾದದ್ದನ್ನು ಹೇಳುತ್ತೇನೆ. ಹೋದ ವರ್ಷ ಜಗಳೂರು ಕಡೆಯ ಒಬ್ಬ ಹುಡುಗಿ 62 ಪುಟದ ರಿಪೋರ್ಟ್ ಟೈಪ್ ಮಾಡಲು ಕೊಟ್ಟಿದ್ದಳು. ನುಡಿಯ ಹಳೆಯ ಅಕ್ಷರದಲ್ಲಿ ಮಾಡಿ ಮುಗಿಸಿದ್ದೆ. ಕೊನೆಗೆ ಅವಳ ಕಾಲೇಜಿನಲ್ಲಿ ಯೂನಿಕೋಡ್ ಪ್ರತಿಯೇ ಬೇಕೆಂದರು. ಬೆಳಗ್ಗೆ ಬರುತ್ತೇನೆ ಅಕ್ಕಾ, ಅಲ್ಲಿಂದ ಸೀದಾ ಬೈಂಡಿಂಗಿಗೆ ಕೊಡಬೇಕು ಅಂದಿದ್ದಳು. ಅಕ್ಷರ ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಜಾಗ ತಪ್ಪಿದವು. ಹಳೆಯ ಅಕ್ಷರದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಹಾಗೆ ರ್ ಮೊದಲು ಬರಬೇಕು. ವರ್ಷ, ಮಾರ್ಗ, ಕರ್ನಾಟಕ, ಎಲ್ಲ ಕಡೆಯೂ ತಪ್ಪು. ಅದನ್ನು ಒಂದೇ ಸಲಕ್ಕೆ ಸರಿಮಾಡುವ ದಾರಿ ಇದೆಯಾ ಅಂತ ರಾತ್ರಿ 9ಕ್ಕೆ ಒಂದು ವಿಡಿಯೋ ಹಾಕಿದೆ. 8 ನಿಮಿಷದ ವಿಡಿಯೋ. ಒಂದೇ ಸಲಕ್ಕೆ ಅಲ್ಲದಿದ್ದರೂ ಪುಟ ಪುಟವಾಗಿ ಸರಿಮಾಡುವ ದಾರಿ ಸಿಕ್ಕಿತು.

ಅದು ಮುಗಿಯುತ್ತಿದ್ದಂತೆ ಮುಂದಿನದು ತಾನಾಗಿಯೇ ಶುರುವಾಯಿತು. ಪಕ್ಕದಲ್ಲಿ ರವಿಕೆಯ ಕೈಕಸೂತಿ. ಅದರ ಕೆಳಗೆ ಯಾರದೋ ಹಿತ್ತಲಿನ ಮಲ್ಲಿಗೆ ತೋಟ. ಆಮೇಲೆ ಶಾರ್ಟ್ಸ್. ಒಂದೊಂದೂ ಅರ್ಧ ನಿಮಿಷ, ಮುಕ್ಕಾಲು ನಿಮಿಷ. ಬೆರಳು ಮೌಸಿನ ಚಕ್ರ ಉರುಳಿಸುತ್ತಲೇ ಇತ್ತು. ಗಡಿಯಾರ ನೋಡಿದಾಗ 12 ಗಂಟೆ 20 ನಿಮಿಷ. ಆಗ ರಿಪೋರ್ಟ್ ತೆರೆದೆ. ಕಣ್ಣು ಎಳೆಯುತ್ತಿತ್ತು. 2 ಗಂಟೆಗೆ ಕೈಬಿಟ್ಟು ಮಲಗಿದೆ.

ಬೆಳಗ್ಗೆ ಆ ಹುಡುಗಿ ಮೊದಲ ಬಸ್ಸಿಗೇ ಬಂದಳು. ಬೈಂಡಿಂಗ್‌ನ ದುಡ್ಡನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಹಿಡಿದುಕೊಂಡಿದ್ದಳು. ಇನ್ನೂ 18 ಪುಟ ಬಾಕಿ ಇತ್ತು. ಅವಳು ಒಂದು ಮಾತೂ ಆಡಲಿಲ್ಲ. ನೆಲದ ಮೇಲೆ ಚಾಪೆ ಎಳೆದುಕೊಂಡು ಕೂತು, ಪ್ರಿಂಟ್ ತೆಗೆದ ಹಾಳೆಗಳಲ್ಲಿ ತಪ್ಪಿದ ಅರ್ಕಾವತ್ತಿಗೆಲ್ಲ ಪೆನ್ಸಿಲ್‌ನಲ್ಲಿ ಸೊನ್ನೆ ಸುತ್ತುತ್ತಾ ಹೋದಳು. ನಾನು ಒಂದೊಂದಾಗಿ ತಿದ್ದುತ್ತಾ ಹೋದೆ. ಮುಗಿಯುವ ಹೊತ್ತಿಗೆ ಬೈಂಡಿಂಗಿನವರು ಇವತ್ತು ಆಗಲ್ಲ ಅಂದರು. ಅವಳ ರಿಪೋರ್ಟ್ ಒಂದು ದಿನ ತಡವಾಯಿತು. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಆ ಪೆನ್ಸಿಲ್ ಸೊನ್ನೆಗಳು ಇಂದಿಗೂ ನನ್ನ ಕಣ್ಣ ಮುಂದೆ ಇವೆ.

ಮನಸ್ಸು ಗಟ್ಟಿ ಮಾಡಿಕೋ ಅಂತ ಮನೆಯವರು ಹೇಳಿದರು. ತಿಂಗಳುಗಟ್ಟಲೆ ಅದನ್ನೂ ಮಾಡಿ ನೋಡಿದೆ. ಆಗಲಿಲ್ಲ. ನಮ್ಮೂರಿನವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಸಂಜೆ ಹೊತ್ತು ಮಿರ್ಚಿ ಮಂಡಕ್ಕಿ ಗಾಡಿ ನಿಮ್ಮ ಮನೆ ಬಾಗಿಲಿಗೇ ಬಂದು ನಿಂತು, ಬಿಸಿ ಮಿರ್ಚಿಯನ್ನು ಕೇಳದೆಯೇ ತಟ್ಟೆಗೆ ಹಾಕುತ್ತಿದ್ದರೆ ಎಷ್ಟು ದಿನ ಬೇಡ ಅನ್ನುತ್ತೀರಿ? ಗಾಡಿ ನಾಲ್ಕು ಬೀದಿ ಆಚೆ ಇದ್ದರೆ ಆಸೆಯಾದ ದಿನ ಎದ್ದು ಹೋಗಿ ತಿಂದು ಬರಬಹುದು. ಎರಡಕ್ಕೂ ವ್ಯತ್ಯಾಸ ಇದೆ, ಅಲ್ವಾ? ಈ ವಿಡಿಯೋ ತಾಣಗಳು ಕೇಳದೆಯೇ ಬಡಿಸುವ ಹಾಗೆಯೇ ಕಟ್ಟಿದವು. ಎಷ್ಟು ಉರುಳಿಸಿದರೂ ತಳ ಸಿಗದ ಪುಟವನ್ನು 2006ರಲ್ಲಿ ರೂಪಿಸಿದ ಅಮೆರಿಕದ ಅಜಾ ರಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಕಟ್ಟಿದವರಿಗೇ ಬೇಸರ ತಂದದ್ದರ ಎದುರು ಬರೀ ನನ್ನ ಮನಸ್ಸನ್ನು ಗಟ್ಟಿ ಮಾಡು ಅಂದರೆ ಹೇಗೆ?

ಕೊನೆಗೆ ನಮ್ಮಕ್ಕನ ಮಗ ದಾರಿ ತೋರಿಸಿದ. ಇಲ್ಲೇ ಎಂಜಿನಿಯರಿಂಗ್ ಓದುತ್ತಾನೆ. ಚಿಕ್ಕಮ್ಮ, ಆ ಸೈಟನ್ನೇ ಮುಚ್ಚಿಬಿಡೋಣ ಅಂದ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಅಂತ ಇರುತ್ತದೆ. ಅಲ್ಲಿ ಹೋಸ್ಟ್ಸ್ ಎಂಬ ಒಂದು ಸಣ್ಣ ಫೈಲ್. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆ ಫೈಲಿನಲ್ಲಿ 127.0.0.1 ಅಂತ ಬರೆದು, ಮುಂದೆ ಬೇಡವಾದ ಸೈಟಿನ ಹೆಸರು ಬರೆಯಬೇಕು. 127.0.0.1 ಅಂದರೆ ಈ ಕಂಪ್ಯೂಟರೇ. ಸೈಟ್ ಎಲ್ಲಿದೆ ಅಂತ ಬ್ರೌಸರ್ ಹುಡುಕಲು ಹೊರಟರೆ ಸುತ್ತಿ ಮನೆಗೇ ವಾಪಸ್ ಬರುತ್ತದೆ. ಪುಟ ತೆರೆಯುವುದಿಲ್ಲ. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರಿಗೂ ಇಲ್ಲದ ಹೆಸರಿಗೂ ಬೇರೆ ಬೇರೆ ಸಾಲು ಬೇಕು. ಒಂದು ಬರೆದು ಇನ್ನೊಂದು ಬಿಟ್ಟರೆ ಅಲ್ಲಿಂದಲೇ ನುಸುಳಬಹುದು.

ಇದು ಗಟ್ಟಿ ಬೀಗ. ಆದರೆ ನನಗೆ ಜಾಸ್ತಿಯೇ ಗಟ್ಟಿಯಾಯಿತು. ಬೇಕಾದ ಪಾಠವೂ ಸಿಗದ ಹಾಗಾಯಿತು. ಎರಡು ದಿನಕ್ಕೊಮ್ಮೆ ಆ ಸಾಲು ಅಳಿಸುವುದು, ಮತ್ತೆ ಬರೆಯಲು ಮರೆಯುವುದು. ಆಮೇಲೆ ಫೈರ್‌ಫಾಕ್ಸ್ ಬ್ರೌಸರ್‌ಗೆ ಲೀಚ್‌ಬ್ಲಾಕ್ ಎಂಬ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಜೋಡಿಸುವ ಸಣ್ಣ ತಂತ್ರಾಂಶ, ಹಾಕಿಕೊಂಡೆ. ದುಡ್ಡಿಲ್ಲ, ಪುಕ್ಕಟೆ. ಅದರಲ್ಲಿ ಸೈಟುಗಳ ಪಟ್ಟಿ ಕೊಟ್ಟು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಮುಚ್ಚಿರಬೇಕು ಅಂತ ಬರೆಯಬಹುದು. ನಾನು 1000-1330 ಮತ್ತು 1500-2200 ಅಂತ ಬರೆದಿದ್ದೇನೆ. ಅಂದರೆ ಬೆಳಗ್ಗೆ 10ರಿಂದ ಮಧ್ಯಾಹ್ನ ಒಂದೂವರೆ, ಊಟ ಆದ ಮೇಲೆ 3ರಿಂದ ರಾತ್ರಿ 10. ಅಷ್ಟು ಹೊತ್ತು ಮುಚ್ಚಿರುತ್ತದೆ. ಯಾವುದಾದರೂ ವಿಳಾಸ ತೆರೆದೇ ಇರಬೇಕು ಅಂದರೆ ಅದರ ಮೊದಲಿಗೆ ಪ್ಲಸ್ ಗುರುತು ಹಾಕಿದರೆ ಸಾಕು. ಹಾಗಾಗಿ ನನಗೆ ಬೇಕಾದ ಪಾಠದ ಕೊಂಡಿಗಳನ್ನು ಮೊದಲೇ ಸೇರಿಸಿಟ್ಟುಕೊಂಡಿದ್ದೇನೆ. ಮುಚ್ಚಿರುವ ಹೊತ್ತಿನಲ್ಲಿ ಸೆಟ್ಟಿಂಗ್ ಬದಲಾಯಿಸಲು ಬಾರದ ಹಾಗೂ ಮಾಡಬಹುದು. ಇಲ್ಲವೇ ಉದ್ದನೆಯ ಅಡ್ಡಾದಿಡ್ಡಿ ಅಕ್ಷರಗಳನ್ನು ಟೈಪ್ ಮಾಡಿದರೆ ಮಾತ್ರ ತೆರೆಯುವ ಹಾಗೆ ಇಡಬಹುದು. ದಿನವಿಡೀ ಟೈಪ್ ಮಾಡುವ ನನಗೂ ಅದನ್ನು ಹೊಡೆಯುವಷ್ಟರಲ್ಲಿ ನೋಡುವ ಆಸೆ ಇಳಿದಿರುತ್ತದೆ.

ಒಂದು ಕಿಂಡಿ ನನಗೆ ತಡವಾಗಿ ಗೊತ್ತಾಯಿತು. ಪ್ರೈವೇಟ್ ವಿಂಡೋ, ಅಂದರೆ ಏನು ನೋಡಿದೆವು ಅಂತ ಬ್ರೌಸರ್ ನೆನಪಿಡದ ಕಿಟಕಿ, ತೆರೆದರೆ ಈ ಬೀಗ ಕೆಲಸ ಮಾಡುವುದಿಲ್ಲ. ಎಕ್ಸ್‌ಟೆನ್ಷನ್‌ಗೆ ಅಲ್ಲಿಯೂ ನಡೆಯಲು ಬೇರೆಯಾಗಿ ಅನುಮತಿ ಕೊಡಬೇಕು. ಕ್ರೋಮ್‌ನ ಇನ್‌ಕಾಗ್ನಿಟೋದಲ್ಲೂ ಹೀಗೇ. ಮಕ್ಕಳಿಗಾಗಿ ಬೀಗ ಹಾಕುವ ತಂದೆತಾಯಿ ಇದನ್ನು ಮೊದಲು ನೋಡಿಕೊಳ್ಳಿ.

ಎಕ್ಸ್‌ಟೆನ್ಷನ್ ಹಾಕಲು ಬಾರದವರು ಎರಡು ಕೆಲಸವನ್ನಾದರೂ ಮಾಡಬಹುದು. ಮುಂದಿನ ವಿಡಿಯೋವನ್ನು ತಾನಾಗಿ ಶುರುಮಾಡುವ ಯೂಟ್ಯೂಬ್‌ನ ಆಟೋಪ್ಲೇ ಬಟನ್ ಆಫ್ ಮಾಡಿ. ವಾಚ್ ಹಿಸ್ಟರಿ, ಅಂದರೆ ನೋಡಿದ ವಿಡಿಯೋಗಳ ಪಟ್ಟಿ, ನಿಲ್ಲಿಸಿ, ಹಳೆಯದನ್ನೂ ಅಳಿಸಿ. 2023ರಿಂದ ಹೀಗೆ ಮಾಡಿದವರಿಗೆ ಮೊದಲ ಪುಟ ಖಾಲಿಯಾಗಿಯೇ ತೆರೆಯುತ್ತದೆ. ನಾವು ಏನನ್ನು ಹುಡುಕುತ್ತೇವೋ ಅದು ಸಿಗುತ್ತದೆ. ನೋಡಲು ಹೋಗದಿದ್ದದ್ದು ಮುಖಕ್ಕೆ ರಾಚುವುದಿಲ್ಲ. ಆ ಖಾಲಿ ಪುಟ ಮೊದಲ ಸಲ ನೋಡಿದಾಗ, ಹಬ್ಬದ ನೆಂಟರೆಲ್ಲ ಹೊರಟ ಮೇಲೆ ಮನೆ ಗುಡಿಸಿ ಕೂತ ಹಾಗಾಯಿತು.

ಸರ್ಕಾರವೇ ಇವನ್ನೆಲ್ಲ ಬಂದ್ ಮಾಡಲಿ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದರು. ಕಾರಣ ಬೇರೆಯೇ ಇತ್ತು ಬಿಡಿ. ಸದ್ಯ, ಪೀಡೆ ತೊಲಗಿತು ಅಂದವರು ನಮ್ಮ ಬೀದಿಯಲ್ಲೇ ಇದ್ದರು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ನಮ್ಮ ದೇಶದಲ್ಲೇ ಪ್ರಯೋಗಕ್ಕೆ ಇಳಿಸಿತು. ಒಂದು ಅಂಗಡಿ ಮುಚ್ಚಿದ ಜಾಗದಲ್ಲಿ ಎರಡು ತೆರೆದವು. ಅಲ್ಲದೆ ಎಲ್ಲವನ್ನೂ ಮುಚ್ಚಿದರೆ ಕನ್ನಡದಲ್ಲಿ ಪಾಠ ಹೇಳುವ ಆ ಹುಡುಗನೂ ಹೋಗುತ್ತಾನೆ. ಯಾವುದು ಯಾವಾಗ ತೆರೆದಿರಬೇಕು ಅಂತ ನಿರ್ಧರಿಸುವ ಕೀಲಿ ಕೂತು ಕೆಲಸ ಮಾಡುವವರ ಕೈಯಲ್ಲೇ ಇರಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಕೀಲಿ ಇದೆ ಅಂತಲೇ ಹೆಚ್ಚು ಜನಕ್ಕೆ ಗೊತ್ತಿಲ್ಲ. ನನಗೆ ಹೇಳಿಕೊಡಲು ಅಕ್ಕನ ಮಗ ಇದ್ದ. ಪಕ್ಕದ ಬೀದಿಯಲ್ಲಿ ಅರ್ಜಿ ತುಂಬಿಕೊಡುವ ಅಂಗಡಿಯ ಹುಡುಗನಿಗೆ ಯಾರೂ ಇಲ್ಲ. ಹೋದ ವಾರ ಅವನ ಕಂಪ್ಯೂಟರ್‌ಗೂ ನಾನೇ ಹೋಗಿ ಹಾಕಿಕೊಟ್ಟೆ. ಸೆಟ್ಟಿಂಗ್ ಪುಟ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಅವನು ಪ್ರತಿ ಸಾಲಿಗೂ ಇದೇನು ಅಕ್ಕಾ, ಇದೇನು ಅಕ್ಕಾ ಅಂತ ಕೇಳುತ್ತಿದ್ದ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುತ್ತದೆ. ಕ್ರೋಮ್ ಸಿಗುತ್ತದೆ. ಇಂಥ ಸಣ್ಣ ಎಕ್ಸ್‌ಟೆನ್ಷನ್‌ಗಳಿಗೂ ಕನ್ನಡ ಬರಬೇಕು. ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ವರ್ಷವರ್ಷ ಪ್ರಾಜೆಕ್ಟ್ ಮಾಡುತ್ತಾರೆ. ರಿಪೋರ್ಟುಗಳು ನನ್ನ ಹತ್ತಿರವೇ ಬರುವುದರಿಂದ ಗೊತ್ತು. ಅದರಲ್ಲಿ ಒಂದು ತಂಡ ಈ ಅನುವಾದದ ಕೆಲಸ ಹಿಡಿದರೆ ಎಷ್ಟು ಜನರಿಗೆ ಉಪಕಾರ!

ಕಾಲೇಜು ಲ್ಯಾಬ್, ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವವರಿಗೂ ಒಂದು ವಿನಂತಿ. ಅಲ್ಲಿ ಒಂದೊಂದು ಯಂತ್ರಕ್ಕೂ ಎಕ್ಸ್‌ಟೆನ್ಷನ್ ಹಾಕುತ್ತಾ ಕೂರಬೇಕಿಲ್ಲ. ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಕಂಪ್ಯೂಟರ್ ನೋಡಿಕೊಳ್ಳುವವರು ನಿಯಮ ಹಾಕಲು ಪಾಲಿಸಿ ಅಂತ ಇರುತ್ತದೆ. ಮುಚ್ಚುವ ವಿಳಾಸಗಳ ಪಟ್ಟಿ ಒಂದು, ಬಿಡುವ ವಿಳಾಸಗಳ ಪಟ್ಟಿ ಒಂದು ಕೊಟ್ಟರೆ ಆಯಿತು. ಕೂತ ಮಕ್ಕಳಿಗೆ ಅದನ್ನು ಬ್ರೌಸರ್ ಒಳಗಿನಿಂದ ತೆಗೆಯಲು ಬರುವುದಿಲ್ಲ. ದಯವಿಟ್ಟು ಪೂರ್ತಿ ಬಂದ್ ಮಾಡಬೇಡಿ. ಪಾಠದ ಚಾನೆಲ್‌ಗಳು ಯಾವುವು ಅಂತ ಉಪನ್ಯಾಸಕರನ್ನು ಕೇಳಿ, ಅವರು ಹೇಳಿದ ವಿಡಿಯೋಗಳನ್ನು ಬಿಡುವ ಪಟ್ಟಿಗೆ ಸೇರಿಸಿ.

ನಿಮ್ಮಲ್ಲಿ ಕೇಳುವುದು ಇಷ್ಟು. ವಾರಕ್ಕೊಮ್ಮೆ ಪುಟದ ಒಂದು ಮೂಲೆಯಲ್ಲಿ ಇಂಥದ್ದನ್ನು ಚಿತ್ರ ಸಮೇತ, ಯಾವ ಬಟನ್ ಆದ ಮೇಲೆ ಯಾವ ಬಟನ್ ಅಂತ ಕನ್ನಡದಲ್ಲಿ ಹಾಕಿ. ಮೊದಲ ಕಂತಿಗೆ ಬೇಕಾದ ಒಂದು ಪುಟದ ಮ್ಯಾಟರ್ ನಾನೇ ಟೈಪ್ ಮಾಡಿ ಇಟ್ಟಿದ್ದೇನೆ. ಹಣ ಬೇಡ. ನುಡಿಯಲ್ಲೂ ಇದೆ, ಯೂನಿಕೋಡ್‌ನಲ್ಲೂ ಇದೆ. ಅರ್ಕಾವತ್ತುಗಳನ್ನು ಎರಡು ಸಲ ನೋಡಿದ್ದೇನೆ.

ಇಂತಿ ನಿಮ್ಮ ಓದುಗಿ,
ಡಿಟಿಪಿ ಕೆಲಸದವಳು, ನಿಟುವಳ್ಳಿ, ದಾವಣಗೆರೆ